ಲಿಂಗನಮಕ್ಕಿ ಹೊಟ್ಟೆಯಲ್ಲಿ ಇನ್ನೊಂದು ಡ್ಯಾಮ್!

ನಮಸ್ಕಾರ. ಸಿಗಂದೂರಿಗೆ ಹೋಗಿಬಂದ ಬೆಂಗಳೂರಿನ ವೀಕ್ಷಕರೊಬ್ಬರ ಪ್ರಶ್ನೆ: "ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ಇಳಿದಾಗ ಒಳಗೆ ಇನ್ನೊಂದು ಡ್ಯಾಮ್ ಕಾಣಿಸುತ್ತಂತೆ, ಹೌದಾ ಸರ್?"

ಹೌದು. ಅದು ಹಿರೇಭಾಸ್ಕರ ಡ್ಯಾಮ್. ಆ ಕಡೆಯವರು ಮಡೆನೂರು ಡ್ಯಾಮ್ ಅಂತಾರೆ.

[ಮ್ಯಾಪ್]

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಕೂಡಿಡೋಕೆ 1940ರ ದಶಕದಲ್ಲಿ ಶರಾವತಿಗೆ ಅಡ್ಡಲಾಗಿ ಕಟ್ಟಿದ್ದು. ಕರೆಂಟಿನ ಬೇಡಿಕೆ ಬೆಳೀತು, ಅದು ಸಾಲಲಿಲ್ಲ. 1964ರಲ್ಲಿ ಅದೇ ಹೊಳೆ ಹರಿಯೋ ದಿಕ್ಕಲ್ಲಿ ಇನ್ನೂ ಕೆಳಗೆ ಲಿಂಗನಮಕ್ಕಿ ಡ್ಯಾಮ್ ಎದ್ದಿತು. ಗರಿಷ್ಠ ಮಟ್ಟ 1,819 ಅಡಿ, ಸುಮಾರು 151 ಟಿಎಂಸಿ ನೀರು. ಹಳೇ ಡ್ಯಾಮ್ ಹೊಸದರ ಹಿನ್ನೀರಲ್ಲಿ ಮುಳುಗಿತು.

[ಕ್ಲೋಸಪ್: ಸೈಫನ್]

ಇಲ್ಲಿ ಸ್ವಲ್ಪ ನಿಲ್ಲೋಣ, ಇದು ನನಗೆ ಬಲು ಇಷ್ಟದ ವಿಷಯ. ಡ್ಯಾಮ್ ತುಂಬಿದರೆ ಗೇಟ್ ಎತ್ತಬೇಕು, ಅಲ್ವಾ? ಇಲ್ಲಿ ಆ ಕೆಲಸ ಸೈಫನ್‌ಗಳದ್ದು. ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ವೊಲ್ಯೂಟ್ ಸೈಫನ್. ನೆಟ್ಟಗೆ ನಿಂತ ದೊಡ್ಡ ಕೊಳವೆ, ಅದರ ಬಾಯಿಗೆ ಆಲಿಕೆ, ಮೇಲೊಂದು ಗುಮ್ಮಟ. ನೀರು ಆಲಿಕೆಯ ಅಂಚು ದಾಟಿದ ಕೂಡಲೇ ಒಳಗಿನ ತಿರುಚು ಪಟ್ಟಿಗಳು ಅದನ್ನು ಗಿರಗಿರ ಸುತ್ತಿಸ್ತವೆ. ಆ ಸುಳಿ ಗುಮ್ಮಟದೊಳಗಿನ ಗಾಳಿಯನ್ನ ಎಳ್ಕೊಂಡು ಹೋಗುತ್ತೆ. ಆಮೇಲೆ ಸ್ಕೂಟರ್ ಟ್ಯಾಂಕಿಗೆ ಪೈಪ್ ಹಾಕಿ ಪೆಟ್ರೋಲ್ ಎಳೆದ ಹಾಗೆ ಕೊಳವೆ ತುಂಬಾ ನೀರು ನುಗ್ಗುತ್ತೆ. ಮಟ್ಟ ಇಳಿದಾಗ ಗಾಳಿ ಒಳಗೆ ಬರುತ್ತೆ, ಹರಿವು ತಾನಾಗೇ ನಿಲ್ಲುತ್ತೆ. ಮೋಟರ್ ಬೇಡ, ನಡುರಾತ್ರಿ ಮಳೆಯಲ್ಲಿ ಗೇಟ್ ಎತ್ತೋಕೆ ಆಳೂ ಬೇಡ. ಎಂಥಾ ತಲೆ ನೋಡಿ!

[ಗ್ರಾಫಿಕ್]

ಟೈಮ್ ಕಮ್ಮಿ ಇದೆ, ಉಳಿದದ್ದು ಒಟ್ಟಿಗೆ. ಲಿಂಗನಮಕ್ಕಿಯಿಂದ ತಳಕಳಲೆ ಜಲಾಶಯಕ್ಕೆ ಬಂದ ನೀರು 400 ಮೀಟರ್‌ಗೂ ಹೆಚ್ಚು ಕೆಳಗಿಳಿದು ಶರಾವತಿ ವಿದ್ಯುದಾಗಾರದ 10 ಘಟಕಗಳನ್ನ ತಿರುಗಿಸುತ್ತೆ, ಒಟ್ಟು 1,035 ಮೆಗಾವ್ಯಾಟ್. ಲೆಕ್ಕ ಹಾಕಿದರೆ 1,000 ಲೀಟರ್ ನೀರಿಗೆ ಹತ್ತಿರ ಹತ್ತಿರ 1 ಯೂನಿಟ್. ನಿಮ್ಮ 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಓಡಿದರೆ ಅಷ್ಟು ಖಾಲಿ.

ಲಿಂಗನಮಕ್ಕಿಯ ನೀರಡಿ ಮನೆ, ಗದ್ದೆ, ತೋಟ ಕಳಕೊಂಡವರಲ್ಲಿ ಎಷ್ಟೋ ಕುಟುಂಬಗಳು 60 ವರ್ಷ ಕಳೆದರೂ ಭೂಮಿಯ ಹಕ್ಕಿಗಾಗಿ ಕಚೇರಿ ಅಲೀತಿವೆ. ಹಿನ್ನೀರಿನ ಆಚೆಯವರು ಲಾಂಚ್ ಕಾಯ್ತಾ ಬದುಕಿದರು; ಸಿಗಂದೂರು ಸೇತುವೆ ಆಗಿದ್ದು 2025ರಲ್ಲಿ. ನಮ್ಮ ಮನೆ ದೀಪಕ್ಕೆ ಅವರು ಕೊಟ್ಟಿದ್ದು ಸಣ್ಣದಲ್ಲ. ಮುಳುಗಡೆ ಕುಟುಂಬದವರು ನೋಡ್ತಿದ್ದರೆ ಕಾಮೆಂಟಲ್ಲಿ ಬರೀರಿ, ಮುಂದಿನ ವಿಡಿಯೋ ಹಕ್ಕುಪತ್ರದ ಮೇಲೇ ಮಾಡ್ತೀವಿ.