ಹತ್ತು ನಿಮಿಷದ ದಾರಿ: ತಪ್ಪಿಸಿಕೊಂಡ ಸಂಗೀತ ಕಚೇರಿಗಳು ಏಕೆ ಮರೆತುಹೋಗುವುದಿಲ್ಲ?

[ದೃಶ್ಯ: ಮೇಜಿನ ಮೇಲೆ ಒಂದು ಹಳೆಯ ಕ್ಯಾಸೆಟ್. ಲೇಬಲ್ಲಿನ ಮೇಲೆ ನೀಲಿ ಶಾಯಿಯಲ್ಲಿ ‘ಮನಸೂರ, ಬಿಹಾಗಡಾ’ ಎಂಬ ಬರಹ. ಶಾಯಿ ಅಲ್ಲಲ್ಲಿ ಹರಡಿದೆ.]

ನಿರೂಪಕ: ನಮಸ್ಕಾರ. ನೀವು ನೋಡುತ್ತಿರುವ ಈ ಕ್ಯಾಸೆಟ್ 90 ನಿಮಿಷದ್ದು, ಒಂದೊಂದು ಬದಿಗೆ 45 ನಿಮಿಷ. 1990ರ ಒಂದು ರಾತ್ರಿ, ಧಾರವಾಡದ ಒಂದು ಮನೆಯ ಪಡಸಾಲೆಯಲ್ಲಿ, ಜಮಖಾನೆಯ ಮೇಲೆ ಒತ್ತಿಕೊಂಡು ಕುಳಿತಿದ್ದ ಐವತ್ತು ಅರವತ್ತು ಮಂದಿಯ ಎದುರಿಗೆ ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರು ಹಾಡಿದ ಬಿಹಾಗಡಾ ರಾಗ ಇದರಲ್ಲಿದೆ. ನಾನು ಆಗ ಕಾಲೇಜಿಗೆ ಹೋಗುತ್ತ ಬಾಡಿಗೆಗಿದ್ದ ಕೋಣೆಯಿಂದ ಆ ಪಡಸಾಲೆಗೆ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ.

ಪಕ್ಕದ ಮನೆಯ ಕಾಕಾ ಟೇಪ್ ರೆಕಾರ್ಡರನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದು, “ಬರ್ತೀಯೇನೋ ತಮ್ಮಾ? ಮನಸೂರರ ಹಾಡು ಅದ” ಎಂದು ಕರೆದಿದ್ದರು. “ನಾಳೆ ಟೆಸ್ಟ್ ಅದರೀ ಕಾಕಾ, ಮುಂದಿನ ಸಲ ಬರ್ತೀನ್ರೀ” ಎಂದು ನಾನು ಹೇಳಿ ಕಳಿಸಿದೆ. ಮರುದಿನ ಪಾಠ ಮಾಡುವವರೇ ರಜೆಯ ಮೇಲಿದ್ದುದರಿಂದ ಟೆಸ್ಟ್ ಒಂದು ವಾರ ಮುಂದಕ್ಕೆ ಹೋಯಿತು. ನಾನು ಕಾಕಾ ಅವರಿಗೆ ಹೇಳಿದ ಆ ಮುಂದಿನ ಸಲ ಮಾತ್ರ ಬರಲೇ ಇಲ್ಲ: ಮರುವರ್ಷ ನಾನು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದೆ, 1992ರ ಸೆಪ್ಟೆಂಬರ್ 12ರಂದು ಮನಸೂರರು ತೀರಿಕೊಂಡರು.

ಮೂವತ್ತೈದು ವರ್ಷಗಳ ಹಿಂದಿನ ಒಂದು ಸಂಜೆಯ ಆಲಸ್ಯ ಇಂದಿಗೂ ಚುಚ್ಚುವುದೇಕೆ ಎಂಬುದನ್ನು ವಿಚಾರಿಸುವುದಕ್ಕಾಗಿ ಈ ವಿಡಿಯೋ.

[ದೃಶ್ಯ: ರೈಲು ನಿಲ್ದಾಣದ ಹಳೆಯ ಕಪ್ಪು ಬಿಳುಪು ಚಿತ್ರ.]

ನಿರೂಪಕ: ಕನ್ನಡದಲ್ಲಿ ಎರಡು ಮಾತುಗಳಿವೆ. ‘ಕಚೇರಿ ತಪ್ಪಿತು’ ಎನ್ನುವುದು ಒಂದು, ‘ಕಚೇರಿ ತಪ್ಪಿಸಿಕೊಂಡೆ’ ಎನ್ನುವುದು ಇನ್ನೊಂದು. ಮಳೆ ಸುರಿದು ಪೆಂಡಾಲು ಕುಸಿದರೆ, ಗಾಯಕರಿಗೆ ಜ್ವರ ಬಂದರೆ, ಟಿಕೆಟ್ ಸಿಗದೆ ಹೋದರೆ ಅದು ತಪ್ಪಿದ್ದು. 2025ರ ಜನವರಿಯಲ್ಲಿ ನವಿ ಮುಂಬಯಿ ಮತ್ತು ಅಹಮದಾಬಾದ್‌ಗಳಲ್ಲಿ ಕೋಲ್ಡ್‌ಪ್ಲೇ ತಂಡ ನಡೆಸಿದ ಕಾರ್ಯಕ್ರಮಗಳ ಟಿಕೆಟ್ಟಿಗಾಗಿ ಆನ್‌ಲೈನ್ ಸರದಿಯಲ್ಲಿ ಗಂಟೆಗಟ್ಟಲೆ ಕಾದು ಬರಿಗೈಯಲ್ಲಿ ಉಳಿದವರ ದುಃಖ ಈ ಬಗೆಯದು. ಇದರಲ್ಲಿ ಸಿಟ್ಟಿರುತ್ತದೆ, ಬೈಯಲು ಯಾರಾದರೂ ಇರುತ್ತಾರೆ, ನಾಲ್ಕು ದಿನ ಬೈದ ಮೇಲೆ ಮನಸ್ಸು ಹಗುರಾಗುತ್ತದೆ.

ತಪ್ಪಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಕಿರಾನಾ ಘರಾಣೆಯ (ಗಾಯನ ಪರಂಪರೆಯ) ಗಾಯಕ ಅಬ್ದುಲ್ ಕರೀಂ ಖಾನರದು. 1937ರ ಅಕ್ಟೋಬರ್ 27ರಂದು ಅವರು ಮದ್ರಾಸಿನ ಕಡೆಯಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡದ್ದರಿಂದ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಅಲ್ಲಿಯೇ ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತ ಪ್ರಾಣ ಬಿಟ್ಟರೆಂದು ಸಂಗೀತಗಾರರ ನಡುವೆ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಪಾಂಡಿಚೇರಿಯಲ್ಲಿ ಕಾದಿದ್ದವರಿಗೆ ದುಃಖವಾಗಿರಬೇಕು, ನಿಜ. ಆದರೆ ಅವರಲ್ಲಿ ಯಾರೂ ತಮ್ಮನ್ನು ತಾವು ಹಳಿದುಕೊಳ್ಳುವ ಕಾರಣವಿರಲಿಲ್ಲ.

ತಪ್ಪಿಸಿಕೊಂಡವರ ಸಂಗತಿಯೇ ಬೇರೆ. ಅಲ್ಲಿ ಬೈಸಿಕೊಳ್ಳಬೇಕಾದವರೂ ನಾವೇ, ಬೈಯುವವರೂ ನಾವೇ.

[ದೃಶ್ಯ: ಸರಳ ರೇಖಾಚಿತ್ರ, ವಿಮಾನ ನಿಲ್ದಾಣದ ಬಾಗಿಲಿಗೆ ಓಡುತ್ತಿರುವ ಇಬ್ಬರು ಪ್ರಯಾಣಿಕರು.]

ನಿರೂಪಕ: ಇದನ್ನು ಮನಃಶಾಸ್ತ್ರಜ್ಞರೂ ಅಳೆದು ನೋಡಿದ್ದಾರೆ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1982ರಲ್ಲಿ ಪ್ರಕಟಿಸಿದ ಒಂದು ಬರಹದಲ್ಲಿ ಇಬ್ಬರು ಪ್ರಯಾಣಿಕರ ಕಥೆ ಬರುತ್ತದೆ. ಬೇರೆ ಬೇರೆ ವಿಮಾನ ಹಿಡಿಯಬೇಕಾದ ಈ ಇಬ್ಬರೂ ಒಂದೇ ಕಾರಿನಲ್ಲಿ ಹೊರಟು, ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡು, ಅರ್ಧ ಗಂಟೆ ತಡವಾಗಿ ನಿಲ್ದಾಣ ಮುಟ್ಟುತ್ತಾರೆ. ಒಬ್ಬನ ವಿಮಾನ ಸರಿಯಾದ ಸಮಯಕ್ಕೆ ಹೋಗಿಬಿಟ್ಟಿದೆ. ಇನ್ನೊಬ್ಬನದು ತಡವಾಗಿ ಹೊರಟಿದ್ದರಿಂದ ಕೇವಲ ಐದು ನಿಮಿಷದ ಹಿಂದೆ ಹೋಗಿದೆ. ಇಬ್ಬರಿಗೂ ಆದ ನಷ್ಟ ಒಂದೇ. ಆದರೂ ಯಾರಿಗೆ ಹೆಚ್ಚು ಸಂಕಟ ಎಂದು ಕೇಳಿದಾಗ ಉತ್ತರಿಸಿದವರಲ್ಲಿ ಶೇಕಡಾ 96 ಮಂದಿ ಎರಡನೆಯವನನ್ನೇ ತೋರಿಸಿದರು. ಕೈಗೆ ಎಟುಕುವಷ್ಟು ಹತ್ತಿರವಿದ್ದು ಜಾರಿದ್ದನ್ನು ಮನಸ್ಸು ಮತ್ತೆ ಮತ್ತೆ ಕಟ್ಟಿ ನೋಡುತ್ತದೆ: ಇನ್ನೊಂದು ರಸ್ತೆ ಹಿಡಿದಿದ್ದರೆ, ಚಹಾ ಕುಡಿಯಲು ನಿಲ್ಲದೆ ಇದ್ದಿದ್ದರೆ. ಕಲ್ಕತ್ತೆಯಲ್ಲಿ ಅದೇ ವರ್ಷ ಮನಸೂರರು ಏನೇನು ಹಾಡಿದರೋ ಎಂದು ನಾನು ಒಂದು ದಿನವೂ ಕೊರಗಿದವನಲ್ಲ. ನನ್ನನ್ನು ಕಾಡುವುದು ಆ ಹತ್ತು ನಿಮಿಷದ ದಾರಿ.

ಕಾಲ ಕಳೆದಂತೆ ಈ ಕೊರಗು ಕರಗಬೇಕಲ್ಲವೇ? ಅದೇ ವಿಚಿತ್ರ. ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನುಷ್ಯನಿಗೆ ಸದ್ಯಕ್ಕೆ ಹೆಚ್ಚು ನೋಯುವುದು ತಾನು ಮಾಡಿದ ತಪ್ಪು. ಬಹುಕಾಲ ಕಳೆದ ಮೇಲೆ ಹೆಚ್ಚು ನೋಯುವುದು ತಾನು ಮಾಡದೆ ಬಿಟ್ಟದ್ದು. ದುಡ್ಡು ಕೊಟ್ಟು ಹೋಗಿ ಬೇಸರಪಟ್ಟ ಕಾರ್ಯಕ್ರಮವನ್ನು ಮನೆಗೆ ಬರುವ ದಾರಿಯಲ್ಲೇ ಶಪಿಸಿ, ತಿಂಗಳೊಳಗೆ ಅದನ್ನೇ ತಮಾಷೆ ಮಾಡಿಕೊಂಡು ಹೇಳುತ್ತೇವೆ. ಬಿಟ್ಟದ್ದಕ್ಕೆ ಅಂಥ ಮುಗಿತಾಯವಿಲ್ಲ. ಅಂದು ಬೆಟ್ಟದಂತೆ ಕಂಡಿದ್ದ ಅಡ್ಡಿ ವರ್ಷಗಳು ಉರುಳಿದಂತೆ ಸಾಸಿವೆಯಷ್ಟು ಚಿಕ್ಕದಾಗಿ ಕಾಣತೊಡಗುವುದು ಇದಕ್ಕೆ ಅವರು ಕೊಡುವ ಕಾರಣಗಳಲ್ಲಿ ಒಂದು. ಹದಿನೆಂಟರ ಹುಡುಗನಿಗೆ ಆ ಟೆಸ್ಟ್ ನಿಜವಾಗಿಯೂ ದೊಡ್ಡದಾಗಿತ್ತು. ಐವತ್ತು ದಾಟಿದವನಿಗೆ ಆ ಭಯ ನೆನಪಾಗುವುದಿಲ್ಲ, ಹಾಡು ಮಾತ್ರ ನೆನಪಾಗುತ್ತದೆ. ಆ ಹುಡುಗನಿಗೆ ನಾವು ಮಾಡುವ ಅನ್ಯಾಯ ಇದು ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದೂ ಉಂಟು.

[ದೃಶ್ಯ: ಧಾರವಾಡದ ಬೀದಿ, ಬೆಳಗಿನ ಹೊತ್ತು. ‘ಮೃತ್ಯುಂಜಯ’ ಎಂಬ ಮನೆಯ ಮುಂಭಾಗ.]

ನಿರೂಪಕ: ಆದರೆ ಟೆಸ್ಟ್ ಬರಿಯ ನೆಪ. ನಾನು ಹೋಗದೆ ಉಳಿದದ್ದಕ್ಕೆ ನಿಜವಾದ ಕಾರಣ ಮನಸೂರರು ನಮ್ಮೂರಿನವರು ಎಂಬುದೇ ಆಗಿತ್ತು. ಧಾರವಾಡದ ಪಕ್ಕದ ಮನಸೂರು ಗ್ರಾಮದಲ್ಲಿ 1910ರಲ್ಲಿ ಹುಟ್ಟಿದ ಅವರು, ಮೊದಲು ನೀಲಕಂಠಬುವಾ ಮಿರಜಕರ ಬಳಿ ಗ್ವಾಲಿಯರ್ ಪದ್ಧತಿಯನ್ನೂ ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರ ಬಳಿ ಜೈಪುರ ಅತ್ರೌಲಿ ಗಾಯನ ಶೈಲಿಯನ್ನೂ ಕಲಿತು, ದೇಶವೆಲ್ಲ ಹಾಡಿ ಬಂದು, ಮತ್ತೆ ಧಾರವಾಡದಲ್ಲೇ ನೆಲೆಸಿದ್ದರು. ಇಲ್ಲಿಯ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿದ್ದರು. ಪುಣೆ, ದೆಹಲಿ, ಕಲ್ಕತ್ತೆಗಳ ರಸಿಕರು ವರ್ಷಕ್ಕೊಮ್ಮೆ ಸಿಗುವ ಅವರ ಕಾರ್ಯಕ್ರಮಕ್ಕೆ ಎಲ್ಲ ಕೆಲಸ ಬಿಟ್ಟು ಬರುತ್ತಿದ್ದರೆ, ಪೇಟೆಯಲ್ಲಿ ಆಗಾಗ ಅವರನ್ನು ಕಾಣುತ್ತಿದ್ದ ನಮಗೆ ಅವರು ಊರ ಕೆರೆಯಷ್ಟೇ ಶಾಶ್ವತವೆಂದು ತೋರುತ್ತಿದ್ದರು. ಕೆರೆಯ ನೀರು ಎಲ್ಲಿ ಹೋದೀತು, ನಾಳೆ ತುಂಬಿಕೊಂಡರಾಯಿತು ಎಂಬ ಭಾವನೆ. ನನಗೆ ಗೊತ್ತಿರುವ ಮಟ್ಟಿಗೆ ದೊಡ್ಡವರ ಹಾಡನ್ನು ಹೆಚ್ಚಾಗಿ ತಪ್ಪಿಸಿಕೊಂಡವರು ಅವರ ಊರಿನವರೇ.

ಕೆರೆ ಬತ್ತಿದ್ದೂ ಒಮ್ಮೆಲೇ. 1991ರಲ್ಲಿ ಧಾರವಾಡದ ಇನ್ನೊಬ್ಬ ದೊಡ್ಡ ಗಾಯಕ ಬಸವರಾಜ ರಾಜಗುರು ಹೋದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದ್ದ ಗಾಯಕ ಕುಮಾರ ಗಂಧರ್ವರು 1992ರ ಜನವರಿ 12ರಂದು ಹೋದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮನಸೂರರು. ಗಂಗೂಬಾಯಿ ಹಾನಗಲ್ ಅವರೂ ಭೀಮಸೇನ ಜೋಶಿಯವರೂ ಇನ್ನೂ ಬಹಳ ವರ್ಷ ನಮ್ಮ ನಡುವೆ ಇದ್ದರು. 2009ರಲ್ಲಿ ಒಬ್ಬರು, 2011ರಲ್ಲಿ ಇನ್ನೊಬ್ಬರು ತೀರಿಕೊಂಡರು. ಒಮ್ಮೆ ಪೆಟ್ಟು ತಿಂದಿದ್ದ ನಾನು ಆ ಇಬ್ಬರನ್ನು ಕೇಳಲು ಸಿಕ್ಕ ಅವಕಾಶವನ್ನು ಬಿಡಲಿಲ್ಲ. ಆದರೆ ಒಬ್ಬರನ್ನು ಕೇಳಿದ್ದರಿಂದ ಇನ್ನೊಬ್ಬರನ್ನು ಕೇಳದ ಸಾಲ ತೀರುವುದಿಲ್ಲ.

[ದೃಶ್ಯ: ಗ್ರಾಮಫೋನ್ ತಟ್ಟೆ ತಿರುಗುತ್ತಿದೆ, ಅದರ ಮೇಲೆ ಮುಳ್ಳು.]

ನಿರೂಪಕ: ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮನಸೂರರ ಧ್ವನಿಮುದ್ರಿಕೆಗಳು ಇಂದು ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತಿರುವಾಗ ಈ ಹಳಹಳಿಕೆ ಏಕೆ?

ಹಳೆಯ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಗಾಯಕರು ಅಷ್ಟರೊಳಗೆ ಮಡಿಸಿ ಇಡಬೇಕಿತ್ತು. ರೇಡಿಯೋ ಬಂದ ಮೇಲೆ ಅಳತೆ ಹಿಗ್ಗಿತು, ಆದರೆ ಗೋಡೆಯ ಮೇಲಿನ ಗಡಿಯಾರ ಹೋಗಲಿಲ್ಲ. ಹಾಗೆಂದು ಧ್ವನಿಮುದ್ರಿಕೆಯನ್ನು ನಾನು ಹೀಗಳೆಯಲಾರೆ. ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಒಂದು ಠುಮ್ರಿಯ (ಲಘು ಶಾಸ್ತ್ರೀಯ ಹಾಡಿನ) ತಟ್ಟೆಯನ್ನು ಕೇಳಿಯೇ ಬಾಲಕ ಭೀಮಸೇನರಿಗೆ ಸಂಗೀತದ ಹುಚ್ಚು ಹಿಡಿದದ್ದು, ಆ ಹುಚ್ಚಿನಲ್ಲೇ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಅವರು ಮನೆ ಬಿಟ್ಟದ್ದು. ಆ ಮೂರು ನಿಮಿಷ ಅವರ ಹಸಿವನ್ನು ತಣಿಸಲಿಲ್ಲ, ಕೆರಳಿಸಿತು. ತಣಿಸಿಬಿಟ್ಟಿದ್ದರೆ ನಮಗೆ ಭೀಮಸೇನ ಜೋಶಿ ಸಿಗುತ್ತಿರಲಿಲ್ಲ.

ಮುದ್ರಿಕೆಯೊಳಗೆ ಬಾರದೆ ಉಳಿಯುವುದು ಏನು ಎಂಬುದನ್ನು ಒಂದೇ ಒಂದು ಸಂಗತಿಯಿಂದ ತೋರಿಸುತ್ತೇನೆ. ತೀನ್‌ತಾಲ ಎಂಬ ತಾಳದ ಒಂದು ಸುತ್ತಿಗೆ ಹದಿನಾರು ಮಾತ್ರೆ (ಎಣಿಕೆ). ಮೊದಲ ಮಾತ್ರೆಗೆ ‘ಸಮ್’ ಎನ್ನುತ್ತಾರೆ. ಗಾಯಕರು ತಾನಿನಲ್ಲಿ, ಅಂದರೆ ಸ್ವರಗಳ ವೇಗದ ಓಟದಲ್ಲಿ, ಎಲ್ಲೆಲ್ಲಿ ಅಲೆದರೂ ಕೊನೆಗೆ ಬಂದಿಶಿನ (ಹಾಡುವ ರಚನೆಯ) ಆರಂಭದ ತುಣುಕಾದ ಮುಖಡಾ ಹಿಡಿದು ಸಮ್ಮಿಗೆ ಬಂದು ಸೇರಬೇಕು. ಮನಸೂರರ ತಾನುಗಳು ಒಂದರೊಳಗೊಂದು ಸುತ್ತಿಕೊಂಡು ಮೇಲೇರುತ್ತ, ಇನ್ನು ಇವರಿಗೆ ಹಿಂದಿರುಗಲು ಮಾತ್ರೆಗಳೇ ಉಳಿದಿಲ್ಲ ಎನ್ನುವ ಹಂತದಲ್ಲಿ ತಟ್ಟನೆ ಮುಖಡಾಕ್ಕೆ ತಿರುಗುತ್ತಿದ್ದವು. ಪಡಸಾಲೆಯಲ್ಲಿ ಕುಳಿತವರು ಆ ಅಪಾಯವನ್ನು ಗಾಯಕರೊಂದಿಗೆ ತಾವೂ ದಾಟುತ್ತಾರೆ: ಹನ್ನೆರಡು, ಹದಿಮೂರು ಎಂದು ಬೆರಳುಗಳು ಎಣಿಸುತ್ತಿರುತ್ತವೆ, ಉಸಿರು ಬಿಗಿಯಾಗಿರುತ್ತದೆ, ಸಮ್ ಬಿದ್ದ ಕ್ಷಣ ಐವತ್ತು ತಲೆಗಳು ಒಟ್ಟಿಗೆ ತೂಗುತ್ತವೆ, ಮೂಲೆಯಲ್ಲಿ ಯಾರೋ ‘ಆಹಾ’ ಎನ್ನುತ್ತಾರೆ. ಗಾಯಕರು ಆ ‘ಆಹಾ’ ಬಂದ ಕಡೆಗೊಮ್ಮೆ ನೋಡಿ ಮುಂದಿನ ತಾನನ್ನು ಇನ್ನಷ್ಟು ಉದ್ದ ಎಳೆಯುತ್ತಾರೆ. ಆ ಮುಂದಿನ ತಾನು ಹುಟ್ಟುವುದಕ್ಕೆ ಮೂಲೆಯಲ್ಲಿ ಕುಳಿತ ಆ ಮನುಷ್ಯನೂ ಕಾರಣ. ಕ್ಯಾಸೆಟ್ಟಿನಲ್ಲಿ ನಮಗೆ ‘ಆಹಾ’ ಕೇಳಿಸುತ್ತದೆ, ಅಷ್ಟೇ. ಅದನ್ನು ಅನ್ನುವ ಸರದಿ ನಮ್ಮದಲ್ಲ.

[ದೃಶ್ಯ: ರಾತ್ರಿ ಹತ್ತು ತೋರಿಸುವ ಗಡಿಯಾರ, ಕಾರ್ಮಿಕರು ವೇದಿಕೆಯ ಮೈಕು ಬಿಚ್ಚುತ್ತಿದ್ದಾರೆ.]

ನಿರೂಪಕ: ನನ್ನ ನಂತರದವರಿಗೆ ಇನ್ನೊಂದು ಬಗೆಯ ನಷ್ಟವಾಗಿದೆ, ಅದು ಅವರ ತಪ್ಪಲ್ಲ. ಹಿಂದುಸ್ತಾನಿ ಪದ್ಧತಿಯಲ್ಲಿ ರಾಗಕ್ಕೆ ಹೊತ್ತು ಗೊತ್ತುಮಾಡಿರುತ್ತದೆ. ಮಾಲಕಂಸ, ದರ್ಬಾರಿ ರಾತ್ರಿ ಬಲಿತ ಮೇಲಿನವು, ಪರಜ, ಸೋಹನಿ ಅದಕ್ಕೂ ಆಚೆಯವು, ಅವುಗಳ ಬೆನ್ನಿಗೆ ಬೆಳಗಿನ ಭೈರವ. ಅಹೋರಾತ್ರಿ ನಡೆಯುತ್ತಿದ್ದ ಸಂಗೀತೋತ್ಸವಗಳಲ್ಲಿ ಈ ಸರಣಿ ತಾನಾಗಿ ತೆರೆದುಕೊಳ್ಳುತ್ತಿತ್ತು. 2000ರಲ್ಲಿ ಬಂದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದವು; ಉತ್ಸವ, ಹಬ್ಬಗಳಿಗೆ ವರ್ಷದಲ್ಲಿ ಕೆಲವು ದಿನ ಮಾತ್ರ ನಡುರಾತ್ರಿಯವರೆಗೆ ರಾಜ್ಯಗಳು ಸಡಿಲಿಕೆ ಕೊಡಬಹುದು. ಪಕ್ಕದ ಮನೆಯಲ್ಲಿ ಮಲಗುವ ರೋಗಿಯ ಪಾಲಿಗೆ ಈ ನಿಯಮ ನ್ಯಾಯವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪುಣೆಯ ಸವಾಯಿ ಗಂಧರ್ವ ಮಹೋತ್ಸವದಂಥ, ಹಿಂದೆ ರಾತ್ರಿಯಿಡೀ ನಡೆಯುತ್ತಿದ್ದ ದೊಡ್ಡ ಬಯಲು ಉತ್ಸವಗಳು ಹತ್ತರೊಳಗೆ ಮುಗಿಯತೊಡಗಿದ ಮೇಲೆ, ನಡುರಾತ್ರಿಯ ರಾಗವನ್ನು ನಡುರಾತ್ರಿಯಲ್ಲಿ ಸಾವಿರಾರು ಮಂದಿಯೊಂದಿಗೆ ಕುಳಿತು ಕೇಳುವುದು ಅಪರೂಪವಾಯಿತು. ಇಂದಿನ ಇಪ್ಪತ್ತರ ಹುಡುಗಿಯೊಬ್ಬಳು ಸೋಹನಿಯನ್ನು ಹೆಡ್‌ಫೋನಿನಲ್ಲಿ ನೂರು ಸಲ ಕೇಳಿರಬಹುದು. ನಿದ್ದೆ ಎಳೆಯುವ ಕಣ್ಣಿನಲ್ಲಿ, ಶಾಲು ಹೊದ್ದು, ಬೆಳಗಾಗುವುದನ್ನು ಕಾಯುತ್ತ ಕೇಳಿರುವುದು ಕಷ್ಟ. ತನಗೆ ತಪ್ಪಿದ್ದೇನು ಎಂಬುದು ಗೊತ್ತಿಲ್ಲದ ಕಾರಣ ಅವಳಿಗೆ ಕೊರಗೂ ಇಲ್ಲ. ಅದು ಅವಳ ಅದೃಷ್ಟವೋ ಅಲ್ಲವೋ ನಾನು ಹೇಳಲಾರೆ.

[ದೃಶ್ಯ: ಮತ್ತೆ ಕ್ಯಾಸೆಟ್. ನಿರೂಪಕ ಅದನ್ನು ಟೇಪ್ ರೆಕಾರ್ಡರಿಗೆ ಹಾಕುತ್ತಾನೆ.]

ನಿರೂಪಕ: ಈಗ ಈ ಕ್ಯಾಸೆಟ್ಟಿನ ವಿಷಯಕ್ಕೆ ಬರುತ್ತೇನೆ. ಮೊದಲ ಬದಿಯ ಕೊನೆಯಲ್ಲಿ ನಿಧಾನ ಗತಿಯ ವಿಲಂಬಿತ್ ಭಾಗ ಮುಗಿಯುವ ಹೊತ್ತಿಗೆ ಒಂದು ತಾನು ಮೇಲೇರುತ್ತದೆ. ಏರುತ್ತಿರುವಾಗಲೇ ಟಕ್ ಎಂಬ ಸದ್ದು, ರೀಲು ಮುಗಿಯಿತು. ಕ್ಯಾಸೆಟ್ ತಿರುಗಿಸಿ ಹಾಕಿದರೆ ಎರಡನೆಯ ಬದಿ ವೇಗದ ದ್ರುತ್ ಬಂದಿಶಿನ ನಡುವಿನಿಂದ ಆರಂಭವಾಗುತ್ತದೆ. ನಡುವೆ ಏಳೆಂಟು ನಿಮಿಷವಾದರೂ ಹೋಗಿರಬೇಕು. ಬಟನ್ ಮೇಲೆ ಕೈಯಿಟ್ಟುಕೊಂಡು ಕೂರಬೇಕಾಗಿದ್ದ ಕಾಕಾ, ಕಣ್ಣು ಮುಚ್ಚಿ ಹಾಡಿನಲ್ಲಿ ಮುಳುಗಿಹೋಗಿದ್ದರಿಂದ ಆ ಟಕ್ ಸದ್ದು ಅವರ ಕಿವಿಗೆ ಬೀಳಲೇ ಇಲ್ಲವಂತೆ. ತಬಲಾದ ಲಯ ಬದಲಾದಾಗ ಎಚ್ಚರವಾಗಿ, ಗಡಿಬಿಡಿಯಲ್ಲಿ ಬದಿ ತಿರುಗಿಸಿದರಂತೆ.

ಕಾಕಾ ಅವರಿಗೆ ಈಗ ಎಂಬತ್ತು ದಾಟಿದೆ. ಧಾರವಾಡಕ್ಕೆ ಹೋದಾಗಲೆಲ್ಲ ಆ ತಾನು ಹೇಗೆ ಇಳಿದು ಬಂತು ಎಂದು ನಾನು ಕೇಳುತ್ತೇನೆ, ಅವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, ತೊಡೆಯ ಮೇಲೆ ತಾಳ ಹಾಕುತ್ತ ಹಾಡಿ ತೋರಿಸುತ್ತಾರೆ. ಪ್ರತಿ ಸಲವೂ ಅದು ಬೇರೆಯೇ ಆಗಿರುತ್ತದೆ; ಒಮ್ಮೆ ಷಡ್ಜದಿಂದ ಇಳಿಯುತ್ತದೆ, ಇನ್ನೊಮ್ಮೆ ಗಾಂಧಾರದವರೆಗೆ ಹೋಗಿ ಬರುತ್ತದೆ. ಹೋದ ದೀಪಾವಳಿಗೆ ಹಾಡಿದಾಗ ಸಮ್ಮಿಗೆ ಸರಿಯಾಗಿ ಕೈ ತಟ್ಟಿ, ಕಣ್ಣು ತೆರೆದು, “ಈ ಸಲ ಸರಿ ಬಂತು ನೋಡು” ಎಂದರು.

[ದೃಶ್ಯ: ರೀಲು ತಿರುಗುತ್ತಿದೆ. ಟಕ್ ಎಂಬ ಸದ್ದು. ಪರದೆ ಕಪ್ಪಾಗುತ್ತದೆ.]