ಕೈ ಕೊಡುವ ಕಲೆ

ಕೇಳುಗರಿಗೆ ನಮಸ್ಕಾರ.

ಮೂರು ವರ್ಷದಿಂದ ಬೆಳಗ್ಗೆ ಆರಕ್ಕೆ ಮನೆ ಹತ್ತಿರದ ಪಾರ್ಕಿನಲ್ಲಿ ತೈ ಚಿ, ಅಂದರೆ ನಿಧಾನವಾಗಿ ಕೈಕಾಲು ಆಡಿಸುವ ಚೀನಾದ ವರಸೆ, ಮಾಡುತ್ತಿದ್ದೇನೆ. ಮಂಡಿನೋವಿಗೆಂದು ಶುರು ಮಾಡಿದ್ದು. ಅಲ್ಲಿ ಓಡಲು ಬರುವ ಕಾಲೇಜು ಹುಡುಗನೊಬ್ಬ ದಿನಾ ನಿಂತು ನೋಡುತ್ತಿದ್ದ. ಒಂದು ದಿನ ಕೇಳಿಯೇಬಿಟ್ಟ: "ಅಂಕಲ್, ಯಾರಾದ್ರೂ ಹೊಡೆಯೋಕೆ ಬಂದ್ರೆ ಇದು ಕೆಲಸಕ್ಕೆ ಬರುತ್ತಾ?" "ಓಡೋಕೆ ಮಂಡಿ ಗಟ್ಟಿ ಇರುತ್ತಲ್ಲಪ್ಪ" ಎಂದು ನಕ್ಕು ತಪ್ಪಿಸಿಕೊಂಡೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಚೀನಾದಲ್ಲಿ ಇದೇ ಪ್ರಶ್ನೆಗೆ ಒಬ್ಬ ಕೈಯಾರೆ ಉತ್ತರ ಕೊಟ್ಟ. 2017ರ ಏಪ್ರಿಲ್ 27, ಚೆಂಗ್ಡು ನಗರ. ಒಂದು ಕಡೆ ಬೀಜಿಂಗಿನ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾದಾಟ) ತರಬೇತುದಾರ ಶು ಶಿಯಾವೊದಾಂಗ್. ಇನ್ನೊಂದು ಕಡೆ ವೇ ಲೇ. ತನ್ನ ತೈ ಚಿಗೆ ಗುಡುಗಿನ ಹೆಸರಿಟ್ಟುಕೊಂಡವನು. ಅಂಗೈ ಮೇಲೆ ಪಾರಿವಾಳ ಕೂರಿಸಿ, ಅದು ಹಾರಲಾಗದಂತೆ ಮಾಡುತ್ತೇನೆಂದು ಸರ್ಕಾರಿ ಟಿವಿಯಲ್ಲಿ ತೋರಿಸಿದ್ದವನು. ವಿಡಿಯೋದಲ್ಲಿ ವೇ ಲೇ ಎರಡೂ ಕೈ ಮುಂದೆ ಚಾಚಿ, ವರಸೆಯಲ್ಲಿ ನಿಲ್ಲುವಂತೆಯೇ ನಿಂತಿದ್ದಾನೆ. ಶು ಸುತ್ತ ಸುಳಿದಾಡುತ್ತಾನೆ. ಆಮೇಲೆ ಒಮ್ಮೆಲೇ ನುಗ್ಗುತ್ತಾನೆ. ವೇ ಲೇ ಹಿಂದೆ ಹಿಂದೆ ಸರಿದು ಬೀಳುತ್ತಾನೆ, ಬಿದ್ದವನ ಮೇಲೆ ಗುದ್ದಿನ ಮಳೆ. ನುಗ್ಗಿದ ಮೇಲೆ ಹತ್ತು ಸೆಕೆಂಡು ಆಗಿರಬಹುದು, ಅಷ್ಟೇ.

ಗೆದ್ದವನಿಗೆ ಹಾರ ಬೀಳಲಿಲ್ಲ. ದೇಶದ ವುಶು, ಅಂದರೆ ಚೀನೀ ಸಮರಕಲೆಗಳ, ಸಂಘ ಈ ಕಾದಾಟವನ್ನು ಖಂಡಿಸಿತು. ಪಾನೀಯ ವ್ಯಾಪಾರದ ಒಬ್ಬ ಶ್ರೀಮಂತ, ಶುವನ್ನು ಸೋಲಿಸುವವರಿಗೆ ಒಂದು ಕೋಟಿ ಯುವಾನ್ ಕೊಡುತ್ತೇನೆಂದ. ಮುಂದೆ ಒಬ್ಬ ಹಿರಿಯ ತೈ ಚಿ ಗುರುವನ್ನು ಹೀಯಾಳಿಸಿದ್ದಕ್ಕೆ ಶು ಕ್ಷಮೆ ಕೇಳಬೇಕೆಂದು ಕೋರ್ಟು ತೀರ್ಪು ಕೊಟ್ಟಿತು. ಇನ್ನು 2020ರ ಮೇನಲ್ಲಿ ಮಾ ಬಾವೊಗುವೊ ಎಂಬ 69ರ ಗುರು, ಐವತ್ತರ ಆಸುಪಾಸಿನ ಹವ್ಯಾಸಿಯೊಬ್ಬನ ಎದುರು ಅರ್ಧ ನಿಮಿಷದಲ್ಲಿ ಮೂರು ಸಲ ಬಿದ್ದ. ಅದನ್ನು ನೋಡಿ ನಗಬೇಕೋ, ಮರುಕಪಡಬೇಕೋ ನನಗಂತೂ ತಿಳಿಯಲಿಲ್ಲ.

ಹಾಗಾದರೆ ತೈ ಚಿ ಬರೀ ಬೊಗಳೆಯೇ? ಅಲ್ಲ. ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ ಅದು ಕಾದಾಟಕ್ಕಾಗಿಯೇ ಬೆಳೆದದ್ದು. ಅಲ್ಲಿ ಕಲಿತು ಬೀಜಿಂಗಿನಲ್ಲಿ ಕಲಿಸಿದ ಯಾಂಗ್ ಲುಚಾನ್‌ನನ್ನು ಇವತ್ತಿಗೂ 'ಸೋಲಿಲ್ಲದ ಯಾಂಗ್' ಎನ್ನುತ್ತಾರೆ. ಅವನ ಮೊಮ್ಮಗನ ಕಾಲಕ್ಕೆ ವರಸೆ ನಿಧಾನವಾಯಿತು, ನಯವಾಯಿತು. 1956ರಲ್ಲಿ ಸರ್ಕಾರ ಅದನ್ನು 24 ಭಂಗಿಗಳಿಗೆ ಇಳಿಸಿ, ಜನರ ಆರೋಗ್ಯಕ್ಕೆಂದು ಹಂಚಿತು. ನಾನು ಪಾರ್ಕಿನಲ್ಲಿ ಮಾಡುವುದು ಇದನ್ನೇ. ಔಷಧಿಗೆಂದು ಅರೆದದ್ದನ್ನು ಕತ್ತಿಯೆಂದು ಬೀಸಿದರೆ ತಪ್ಪು ಯಾರದು?

ಆದರೂ ನನ್ನ ಕಣ್ಣಿಗೆ ಬಿದ್ದ ನಿಜವಾದ ತೊಡಕು ಬೇರೆ. ತೈ ಚಿಯಲ್ಲಿ ಜೋಡಿ ಅಭ್ಯಾಸವೊಂದಿದೆ, ತುಯ್ ಶೋ, ಕೈ ನೂಕಾಟ ಎನ್ನಿ. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸುತ್ತಾರೆ. ಅವನು ನೂಕಿದರೆ ನೀವು ತಡೆಯುವುದಿಲ್ಲ. ಸೊಂಟ ತಿರುಗಿಸಿ ಆ ಬಲವನ್ನು ಪಕ್ಕಕ್ಕೆ ಹರಿಯಬಿಡುತ್ತೀರಿ. ಅವನ ತೂಕ ಮುಂಗಾಲಿಗೆ ಬಂದ ಕ್ಷಣ, ಸಣ್ಣದೊಂದು ಒತ್ತು. ಆಳು ಎರಡು ಹೆಜ್ಜೆ ಹಿಂದೆ. ಅನುಭವಿಸಿದವನು ನಾನು, ಇದರಲ್ಲಿ ಮಾಯವಿಲ್ಲ, ಮೋಸವಿಲ್ಲ. ಆದರೆ ಈ ಆಟ ಶುರುವಾಗುವುದೇ ಕೈಗೆ ಕೈ ತಾಗಿದ ಮೇಲೆ. ಬೀದಿ ಜಗಳದಲ್ಲಿ ಮಣಿಕಟ್ಟನ್ನು ಮೊದಲು ಯಾರು ಕೊಡುತ್ತಾರೆ? ಗುದ್ದು ಬರುವುದು ಮೂರಡಿ ಆಚೆಯಿಂದ. ಬಾಕ್ಸಿಂಗ್‌ನವನು ವರ್ಷಗಟ್ಟಲೆ ಪಳಗುವುದು ಆ ಮೂರಡಿಯಲ್ಲೇ.

ನಮ್ಮ ಮೈಸೂರಿನ ಗರಡಿಗಳಲ್ಲಿ ಕೈಗೆ ಕೈ ಹಾಕುವ ಮೊದಲು ಎಷ್ಟು ಹೊತ್ತು ಸುಳಿದಾಡುತ್ತಾರೆ, ನೋಡಿದವರಿಗೆ ಗೊತ್ತು. ಅಲ್ಲಿ ಉಸ್ತಾದರು ಮುಟ್ಟಿದರೆಂದು ಶಿಷ್ಯ ತಾನಾಗಿ ಚಿತ್ ಆಗುವುದಿಲ್ಲ. ಬೀಳಿಸಿದರೆ ಬೀಳುತ್ತಾನೆ, ಇಲ್ಲದಿದ್ದರೆ ಉಸ್ತಾದರ ಮೈಗೇ ಮಣ್ಣು. ವೇ ಲೇಗೆ ಸಿಗದೆ ಹೋದದ್ದು ಇಂಥ ಮಣ್ಣು ಎಂದು ನನ್ನ ಗುಮಾನಿ. ಗುರುವಿನ ಮೇಲಿನ ಗೌರವಕ್ಕೆ ಬೀಳುವ ಶಿಷ್ಯರು ಹತ್ತು ವರ್ಷ ಸುತ್ತ ಇದ್ದರೆ, ಯಾರಿಗೇ ಆಗಲಿ, ತನ್ನ ಕೈಯಲ್ಲಿ ಗುಡುಗಿದೆ ಅನಿಸುತ್ತದೆ.

ಕಾದಾಡಿ ತೋರಿಸಿದ ತೈ ಚಿ ಗುರುಗಳೂ ಇದ್ದಾರೆ. 1954ರ ಜನವರಿಯಲ್ಲಿ ಮಕಾವ್‌ನಲ್ಲಿ, ವೂ ಮನೆತನದ ತೈ ಚಿ ಗುರು ವೂ ಗಾಂಗ್‌ಯಿ ಮತ್ತು ಬಿಳಿಕೊಕ್ಕರೆ ಎಂಬ ಬೇರೊಂದು ಚೀನೀ ಸಮರಕಲೆಯ ಚಾನ್ ಹಾಕ್ ಫು ವೇದಿಕೆಯ ಮೇಲೆ ಎದುರಾದರು. ಹಾಂಗ್‌ಕಾಂಗಿನ ಬೆಂಕಿ ಅನಾಹುತದ ಸಂತ್ರಸ್ತರಿಗೆ ಹಣ ಕೂಡಿಸುವ ಪಂದ್ಯ ಅದು. ವೂಗೆ ಐವತ್ತು ದಾಟಿತ್ತು, ಚಾನ್ ಇನ್ನೂ ಮೂವತ್ತರ ಹರೆಯದವನು. ವೂ ಹೊಡೆತಕ್ಕೆ ಚಾನ್ ಮೂಗಿನಲ್ಲಿ ರಕ್ತ ಬಂತು. ಎರಡನೇ ಸುತ್ತಿಗೇ ನಿಲ್ಲಿಸಿ, ಗೆಲುವೂ ಇಲ್ಲ, ಸೋಲೂ ಇಲ್ಲ, ಸಮವೂ ಇಲ್ಲ ಎಂದುಬಿಟ್ಟರು. ಆ ಹಳೆಯ ಫಿಲ್ಮಿನಲ್ಲಿ ವರಸೆಯ ಸೊಬಗು ಹುಡುಕಿದರೆ ನಿರಾಸೆಯೇ. ಬಸ್‌ಸ್ಟ್ಯಾಂಡಿನಲ್ಲಿ ಜಗಳ ಕಾಯುವವರ ಹಾಗೆ ಇಬ್ಬರೂ ಕೈ ಬೀಸುತ್ತಾರೆ. ನನಗೆ ಮಾತ್ರ ವೂ ಮೇಲೆ ಗೌರವ ಹೆಚ್ಚಿದ್ದು ಅದನ್ನು ನೋಡಿಯೇ.

ಮೊನ್ನೆ ಆ ಹುಡುಗ ಮತ್ತೆ ಬಂದಿದ್ದ. ಇದನ್ನೆಲ್ಲ ಹೇಳಿ, "ಬಾ, ತೋರಿಸ್ತೀನಿ, ಕೈ ಕೊಡು" ಎಂದು ಮಣಿಕಟ್ಟು ಚಾಚಿದೆ. ಅವನು ಕೈ ಕೊಡಲಿಲ್ಲ. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟು, ನನ್ನ ಭುಜವನ್ನು ಮೆಲ್ಲಗೆ ತಟ್ಟಿ, "ಬರ್ತೀನಿ ಅಂಕಲ್" ಎಂದು ಓಡಿಹೋದ.

ನಮಸ್ಕಾರ.