ಕಂದು ಕಡಲಕಳೆ ಬಿಸಿನೀರಲ್ಲಿ ಹಸಿರಾಯ್ತು | ವಿರಾಜಪೇಟೆ ವ್ಲಾಗ್

ನೀರು ಕುದೀತಾ ಇದೆ, ಪಾತ್ರೆ ಮೇಲೇ ಕಣ್ಣಿಡಿ. ಹಾಕ್ದೆ... ಆಯ್ತು! ಕಂದು ಹೋಗಿ ಹಸಿರು. ನಾನು ಏನೂ ಬೆರೆಸಿಲ್ಲ. ಈ ಸರ್ಗ್ಯಾಸಮ್ ಅನ್ನೋ ಕಡಲಕಳೆ ಒಳಗೆ ಹಸಿರು ಮೊದಲಿಂದ್ಲೂ ಇತ್ತು. ಫ್ಯೂಕೋಕ್ಸಾಂಥಿನ್ ಅನ್ನೋ ಕಿತ್ತಳೆ ವರ್ಣಕ ಪ್ರೋಟೀನಿಗೆ ಅಂಟ್ಕೊಂಡು ಆ ಹಸಿರನ್ನ ಮುಚ್ಚಿತ್ತು. ಬಿಸಿ ತಾಗಿದ್ದೇ ಆ ಹಿಡಿತ ಬಿಟ್ಟೋಯ್ತು, ಕ್ಲೋರೋಫಿಲ್ ಎದ್ದು ಕಾಣ್ತು. ಎಷ್ಟು ಚೆಂದ ಅಲ್ವಾ!

ಇದು ಕಣ್ಣೂರಿಂದ ಮೀನಿನ ಗಾಡೀಲಿ ಮಾಕುಟ್ಟ ಘಾಟಿ ಹತ್ತಿ ಬಂದಿದ್ದು. ಕಳೆಗೆ ದುಡ್ಡು ಬೇಡ ಅಂದ್ರು, ಆದ್ರೆ ಥರ್ಮಾಕೋಲ್ ಡಬ್ಬಿಗೆ 180 ರೂಪಾಯಿ! ಅದೂ ಮುಚ್ಚಳ ಒಡೆದಿರೋ ಡಬ್ಬಿ. ಒಳಗೆ ಐಸ್ ಕರಗಿ, ಸಿಹಿನೀರು ನಿಂತು, ತಳದಲ್ಲಿದ್ದ ಕಳೆಯೆಲ್ಲ ಲೋಳೆ. ಸಮುದ್ರದ ನೀರಲ್ಲಿ ನೆನೆಸಿದ ಗೋಣಿಯಲ್ಲಿ ಸುತ್ತಿ ತನ್ನಿ ಅಂತ ಫೋನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದೆ. ಐಸ್ ಮೀನಿಗೆ ಸರಿ, ಇದಕ್ಕಲ್ಲ. ಡಬ್ಬಿ ವಾಪಸ್ ಕೊಡ್ತೀನಿ ಅಂದ್ರೂ ದುಡ್ಡು ಬಿಡಲಿಲ್ಲ. ಇರಲಿ, ಇರಲಿ.

ಈಗ ಹತ್ತಿರದಿಂದ. ಇದು ಏಪ್ರಿಲ್ ಕಳೆ. ತುದಿ ತಿಳಿ ಹಳದಿ, ಒಂದರ ಮೇಲೊಂದು ಬಿದ್ದು ನೆರಳಲ್ಲಿದ್ದ ಬುಡ ಮಾತ್ರ ಗಾಢ ಕಂದು. ನಮ್ಮ ಕಾಫಿ ಎಲೆ ಥರಾನೇ: ಮರಗಸಿ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋದು, ಜಾಸ್ತಿ ಮಾಡಿದ ಕಡೆ ಹಳದಿ, ನೆರಳಲ್ಲಿ ಕಡು ಹಸಿರು. ಬೆಳಕು ಕಮ್ಮಿ ಇದ್ರೆ ಹಿಡಿಯೋ ವರ್ಣಕ ಜಾಸ್ತಿ ಬೇಕು. ನೀರು ಕೆಂಪು ಬೆಳಕನ್ನ ಬೇಗ ನುಂಗುತ್ತೆ, ಉಳಿಯೋದು ನೀಲಿ-ಹಸಿರು. ಅದನ್ನ ಹಿಡಿದು ಕ್ಲೋರೋಫಿಲ್ ಎ-ಗೆ ದಾಟಿಸೋದೇ ಫ್ಯೂಕೋಕ್ಸಾಂಥಿನ್ ಕೆಲಸ. 1914ರಲ್ಲಿ ಇದನ್ನ ಬೇರ್ಪಡಿಸಿದ ಜರ್ಮನ್ ರಸಾಯನವಿಜ್ಞಾನಿ ವಿಲ್‌ಸ್ಟಾಟರ್‌ಗೆ ಮರುವರ್ಷ ಸಸ್ಯವರ್ಣಕಗಳ ಕೆಲಸಕ್ಕೇ ನೊಬೆಲ್ ಬಂತು.

ತಣ್ಣನೆ ಸಮುದ್ರದ ಕೆಲ್ಪ್ ಅನ್ನೋ ದೊಡ್ಡ ಕಂದು ಕಳೆಗಳಲ್ಲಿ ಸಾಮಾನ್ಯವಾಗಿ ಚಳಿಗಾಲದಲ್ಲಿ ಈ ಫ್ಯೂಕೋಕ್ಸಾಂಥಿನ್ ಏರುತ್ತೆ, ಬೇಸಿಗೇಲಿ ಇಳಿಯುತ್ತೆ. ಎಲ್ಲದಕ್ಕೂ ಬಿಸಿಲೇ ಕಾರಣ, ಅಷ್ಟೇ. ಅಲ್ಲ, ತಡೀರಿ, ಅಷ್ಟೇ ಅಲ್ಲ. ಬೇಸಿಗೇಲಿ ಆ ನೀರಲ್ಲಿ ಸಾರಜನಕ ಕೊಡೋ ನೈಟ್ರೇಟೂ ಕಮ್ಮಿ. ಸಾರಜನಕ ಇಲ್ದೆ ಕ್ಲೋರೋಫಿಲ್ ಎಲ್ಲಿಂದ ಬರ್ಬೇಕು? ಹೊತ್ತೇರಿದಾಗ ಆಗೋದು ಇನ್ನೊಂದು: ವಯೋಲಾಕ್ಸಾಂಥಿನ್ ಅನ್ನೋ ವರ್ಣಕ ನಿಮಿಷಗಳಲ್ಲೇ ಝೀಯಾಕ್ಸಾಂಥಿನ್ ಅನ್ನೋ ಇನ್ನೊಂದು ವರ್ಣಕ ಆಗಿ, ಹೆಚ್ಚಾದ ಶಕ್ತಿ ಶಾಖವಾಗಿ ಹೊರಹೋಗುತ್ತೆ. ಋತುವಿನ ಬದಲಾವಣೆಗೆ ವಾರಗಳೇ ಬೇಕು.

ಆದ್ರೆ ಕೆಲ್ಪ್ ಲೆಕ್ಕಾನ ಹಾಗೇ ತಂದು ನಮ್ಮ ಕಡಲಿಗೆ ಹಾಕಿದ್ರೆ ನಾನು ಒಪ್ಪಲ್ಲ. ಇಲ್ಲಿ ಋತು ಅಂದ್ರೆ ಮಳೆ. ಬ್ರಹ್ಮಗಿರಿ ಪಶ್ಚಿಮದಲ್ಲಿ ಸುರಿದಿದ್ದು ಬರಪೊಳೆ ಹಿಡಿದು, ವಳಪಟ್ಟಣಂ ಹೊಳೆಯಾಗಿ ಕಣ್ಣೂರಿನ ಹತ್ರಾನೇ ಅರಬ್ಬಿ ಸಮುದ್ರ ಸೇರುತ್ತೆ. ಮಣ್ಣು ಬೆರೆತ ಆ ಕೆಂಪು ನೀರಲ್ಲಿ ಬೆಳಕು ಇಳಿಯಲ್ಲ, ಜೊತೆಗೆ ಪೋಷಕಾಂಶವೂ ಬರುತ್ತೆ. ಅಂದ್ರೆ ನಮ್ಮ ತೋಟದ ಮಣ್ಣೂ ಆ ಕಳೆ ಬಣ್ಣದ ಲೆಕ್ಕದಲ್ಲಿದೆ! ಮಳೆ ಮುಗಿದ ಕೂಡ್ಲೇ ಅದೇ ಬಂಡೆಯ ಕಳೆ ತರಿಸಿ ಇದರ ಪಕ್ಕ ಇಟ್ಟು ತೋರಿಸ್ತೀನಿ. ಇದರ ಅರ್ಧ ನೆರಳಲ್ಲಿ ಒಣಗಿಸಿ ಕಪ್ಪು ಕವರಲ್ಲಿ ಕಟ್ಟಿಡ್ತೀನಿ, ಬೆಳಕು ತಾಗಿದ್ರೆ ಫ್ಯೂಕೋಕ್ಸಾಂಥಿನ್ ಹಾಳಾಗುತ್ತೆ. ಬ್ಯಾಟರಿ ಕೆಂಪಾಯ್ತು, ಬರ್ತೀನಿ.